ಪೀಣ್ಯದ ಆಫೀಸಲ್ಲಿ ಆರು ವರ್ಷ ಬೈಂಡ್ 9 ಓಡಿಸಿದ ಅನುಭವ

ನಮ್ದು ಪೀಣ್ಯದಲ್ಲಿರೋ ಸಣ್ಣ ಮಷೀನ್ ಶಾಪು. ಕೆಳಗೆ ಸಿಎನ್‌ಸಿ ಮಷೀನ್‌ಗಳು, ಮೇಲೆ ಆಫೀಸು, ಎಲ್ಲಾ ಸೇರಿ ಒಂದು ನಲವತ್ತು ಸಿಸ್ಟಮ್. 2019ರಲ್ಲಿ ನಾನು ಸೇರಿದಾಗ ಎಲ್ಲರಿಗೂ ಐಪಿ ನಂಬರ್ (ನೆಟ್‌ವರ್ಕಲ್ಲಿ ಒಂದೊಂದು ಸಿಸ್ಟಮ್‌ಗೂ ಇರೋ ವಿಳಾಸ) ಬಾಯಿಪಾಠ, ಪ್ರಿಂಟರ್ ಅಂದ್ರೆ ಐವತ್ತೊಂದು, ಡ್ರಾಯಿಂಗ್ ಇರೋ ಸರ್ವರ್ ಅಂದ್ರೆ ಹತ್ತು. ರೂಟರ್ ಬದಲಾಯಿಸಿದ ದಿನ ಆ ನಂಬರೆಲ್ಲಾ ಅದಲು ಬದಲಾಗಿ ಅರ್ಧ ದಿನ ಯಾರಿಗೂ ಏನೂ ಸಿಗ್ಲಿಲ್ಲ. ಅವತ್ತೇ ನಮ್ಮದೇ ಡಿಎನ್‌ಎಸ್ ಸರ್ವರ್, ಅಂದ್ರೆ ಹೆಸರು ಕೇಳಿದ್ರೆ ಐಪಿ ಹುಡುಕಿ ಹೇಳೋ ಸರ್ವರ್, ಹಾಕ್ಬೇಕು ಅಂತ ಕೂತೆ, ಸುಮ್ನೆ ಬಿದ್ದಿದ್ದ ಒಂದು ರಾಸ್ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ತಗೊಂಡು ಅದರ ಮೇಲೆ ಬೈಂಡ್ 9 ಅನ್ನೋ ಡಿಎನ್‌ಎಸ್ ಸಾಫ್ಟ್‌ವೇರ್ ಹಾಕ್ದೆ. ಈಗ ಆರು ವರ್ಷ ದಾಟಿದೆ. ಹಾಕಿದ ವಾರದಲ್ಲೇ ಬರೆಯೋ ವಿಮರ್ಶೆ ಬೇಕಾದಷ್ಟಿದೆ, ಅದಕ್ಕೆ ನಾನು ಇಷ್ಟು ದಿನ ಕಾದು ಬರೀತಿದೀನಿ.

ಇನ್‌ಸ್ಟಾಲ್ ಬಗ್ಗೆ ಹೇಳೋಕೆ ಏನಿಲ್ಲ, ಆಪ್ಟ್ ಕಮಾಂಡ್ ಒಂದೇ ಸಾಲು. ಕಷ್ಟ ಇರೋದು ಜೋನ್ ಫೈಲಲ್ಲಿ, ಅಂದ್ರೆ ನಮ್ಮ ಡೊಮೈನಿನ ಹೆಸರು, ಐಪಿ ಎಲ್ಲಾ ಬರೆಯೋ ಫೈಲಲ್ಲಿ. ಪೂರ್ತಿ ಹೆಸರು ಬರೆದ್ರೆ ಕೊನೆಗೆ ಒಂದು ಚುಕ್ಕಿ ಇಡ್ಬೇಕು, ಅದು ಮರೆತ್ರೆ ಬೈಂಡ್ ಆ ಹೆಸರಿನ ಕೊನೆಗೆ ಡೊಮೈನ್ ಹೆಸರನ್ನ ಇನ್ನೊಂದು ಸಲ ತಾನೇ ಅಂಟಿಸುತ್ತೆ. ನಾನು ಮೇಲ್ ಸರ್ವರ್ ಸಾಲಲ್ಲಿ ಹಾಗೇ ಮಾಡಿ, ಸ್ಕ್ಯಾನರ್‌ನಿಂದ ಮೇಲ್ ಯಾಕೆ ಹೋಗ್ತಿಲ್ಲ ಅಂತ ಒಂದು ಸಂಜೆ ಪೂರ್ತಿ ಕೇಬಲ್ ಹಿಡ್ಕೊಂಡು ಓಡಾಡಿದೀನಿ. ಇಲ್ಲಿ ಜೋನ್ ಚೆಕ್ ಮಾಡೋ ಕಮಾಂಡ್ ಕೂಡ ಯಾವಾಗ್ಲೂ ಕಾಪಾಡಲ್ಲ, ಯಾಕಂದ್ರೆ ಚುಕ್ಕಿ ಇಲ್ದಿರೋ ಹೆಸರು ಬರವಣಿಗೆ ನಿಯಮದ ಪ್ರಕಾರ ತಪ್ಪೇ ಅಲ್ಲ. ಬದಲಾವಣೆ ಮಾಡಿದ ಮೇಲೆ ಡಿಗ್ (ಡಿಎನ್‌ಎಸ್‌ಗೆ ಪ್ರಶ್ನೆ ಕೇಳೋ ಕಮಾಂಡ್) ಹಾಕಿ ಉತ್ತರ ಕಣ್ಣಾರೆ ನೋಡೋದೇ ಸರಿ.

ಇನ್ನೊಂದು ತಪ್ಪು ಡೊಮೈನ್ ಹೆಸರಲ್ಲೇ ಮಾಡಿದ್ದೆ. ಪ್ರಿಂಟರ್ ಡಾಟ್ ಲೋಕಲ್ ಅಂತ ಚೆನ್ನಾಗಿದೆ ಅಂತ ಇಟ್ಟೆ, ಕೆಲವು ಸಿಸ್ಟಮಲ್ಲಿ ಸಿಗುತ್ತೆ, ಉಬುಂಟು ಲ್ಯಾಪ್‌ಟಾಪಲ್ಲಿ ಸಿಗಲ್ಲ. ಡಾಟ್ ಲೋಕಲ್ ಅನ್ನೋದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ, ಅಂದ್ರೆ ಸರ್ವರ್ ಇಲ್ದೆ ಸಿಸ್ಟಮ್‌ಗಳೇ ಪರಸ್ಪರ ಹೆಸರು ಕೇಳ್ಕೊಳ್ಳೋ ವಿಧಾನಕ್ಕೆ, ಮೀಸಲು, ಅದನ್ನ ಕೇಳಿದ್ರೆ ಉಬುಂಟು ನಮ್ಮ ಸರ್ವರ್ ಹತ್ರ ಬರೋದೇ ಇಲ್ಲ. ಆಮೇಲೆ ಕಂಪನಿಯ ಸ್ವಂತ ಡೊಮೈನ್ ಕೆಳಗೆ ಒಂದು ಸಬ್‌ಡೊಮೈನ್ ಮಾಡಿ ಎಲ್ಲಾ ಅಲ್ಲಿಗೆ ಹಾಕ್ದೆ. ಈಗ ಹೊಸದಾಗಿ ಶುರು ಮಾಡೋರಿಗೆ ಡಾಟ್ ಇಂಟರ್ನಲ್ ಇದೆ, ಒಳಗಿನ ನೆಟ್‌ವರ್ಕ್‌ಗೆ ಅಂತಲೇ 2024ರಲ್ಲಿ ಐಕ್ಯಾನ್ (ಇಂಟರ್ನೆಟ್ ಡೊಮೈನ್ ಹೆಸರುಗಳನ್ನ ನೋಡ್ಕೊಳ್ಳೋ ಸಂಸ್ಥೆ) ಮೀಸಲಿಟ್ಟಿದೆ.

ಆದ್ರೆ ನಂಗೆ ಬೈಂಡ್ ಮೇಲೆ ನಿಜವಾಗ್ಲೂ ನಂಬಿಕೆ ಬಂದಿದ್ದು ಮೊದಲ ವರ್ಷದ ಆಯುಧಪೂಜೆ ಮುಗಿದ ಮೇಲೆ. ರಜಾಕ್ಕೆ ಮುಂಚೆ ಕೆಲಸದ ಕೊನೇ ದಿನ ಪೂಜೆ, ಮಷೀನ್‌ಗಳಿಗೆಲ್ಲಾ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಬೂದುಗುಂಬಳಕಾಯಿ ಒಡೆದು, ಮೇನ್ ಸ್ವಿಚ್ ಆಫ್ ಮಾಡಿ ಎಲ್ಲರೂ ಮನೆಗೆ. ಪೈ ಡಬ್ಬಿಗೂ ಕುಂಕುಮ ಇಟ್ಟಿದ್ವಿ. ನಾಲ್ಕೈದು ದಿನ ಬಿಟ್ಟು ಬಂದು ಆನ್ ಮಾಡಿದ್ರೆ ಇಂಟರ್ನೆಟ್ ಇಲ್ಲ. ಅಕೌಂಟ್ಸ್ ಮೇಡಂ ಬಂದು ‘ಬ್ಯಾಂಕ್ ಸೈಟ್ ಓಪನ್ ಆಗ್ತಿಲ್ಲ ನೋಡಪ್ಪ, ಇವತ್ತು ಸಂಬಳ ಹಾಕ್ಬೇಕು’ ಅಂದ್ರು. ನೋಡಿದ್ರೆ ಒಳಗಿನ ಹೆಸರುಗಳೆಲ್ಲಾ ಸಿಗ್ತಿವೆ, ಪ್ರಿಂಟರ್ ಸಿಗುತ್ತೆ, ಡ್ರಾಯಿಂಗ್ ಸರ್ವರ್ ಸಿಗುತ್ತೆ, ಹೊರಗಿನ ಹೆಸರು ಮಾತ್ರ ಒಂದೂ ಇಲ್ಲ, ಯಾವುದು ಕೇಳಿದ್ರೂ ಸರ್ವ್‌ಫೇಲ್, ಅಂದ್ರೆ ಉತ್ತರ ಕೊಡೋಕಾಗ್ಲಿಲ್ಲ ಅನ್ನೋ ಎರರ್. ಹೊರಗಿನ ಐಪಿಗೆ ಪಿಂಗ್ ಹೋಗ್ತಿದೆ, ಅಂದ್ರೆ ಲೈನ್ ಸರಿಯಾಗೇ ಇದೆ. ಡಿಗ್ ಜೊತೆ ಪ್ಲಸ್ ಸಿಡಿ ಹಾಕಿ, ಅಂದ್ರೆ ಸಹಿ ಪರೀಕ್ಷೆ ಬೇಡ ಅಂತ ಹೇಳಿ ಕೇಳಿದ್ರೆ ಉತ್ತರ ಬಂತು. ಅಲ್ಲಿಗೆ ತೊಂದರೆ ಡಿಎನ್‌ಎಸ್‌ಸೆಕ್‌ನಲ್ಲಿ, ಅಂದ್ರೆ ಬಂದ ಉತ್ತರ ಅಸಲಿನಾ ಅಂತ ಡಿಜಿಟಲ್ ಸಹಿ ನೋಡಿ ಪರೀಕ್ಷಿಸೋ ವ್ಯವಸ್ಥೆಯಲ್ಲಿ, ಅಂತ ಗೊತ್ತಾಯ್ತು. ಲಾಗ್ ತೆಗೆದ್ರೆ, ಸಹಿಯ ಅವಧಿ ಇನ್ನೂ ಶುರುವಾಗಿಲ್ಲ ಅನ್ನೋ ಸಾಲು ಮೇಲಿಂದ ಕೆಳಗಿನ ತನಕ. ಡೇಟ್ ಅಂತ ಹೊಡೆದ್ರೆ ಪೈನಲ್ಲಿ ಇನ್ನೂ ಪೂಜೆ ದಿನದ ಸಂಜೆ.

ವಿಷಯ ಏನಂದ್ರೆ, ಪೈ 3ರಲ್ಲಿ ಬ್ಯಾಟರಿ ಇರೋ ಗಡಿಯಾರ ಇಲ್ಲ. ಆಫ್ ಆಗೋವಾಗ ಉಳಿಸಿಟ್ಟ ಟೈಮಿಂದಲೇ ಮತ್ತೆ ಶುರು ಮಾಡುತ್ತೆ. ಡಿಎನ್‌ಎಸ್‌ಸೆಕ್ ಸಹಿಗಳಿಗೆ ಶುರುವಾಗೋ ದಿನ, ಮುಗಿಯೋ ದಿನ ಎರಡೂ ಇರುತ್ತೆ, ರೂಟ್ ಜೋನಿನ (ಎಲ್ಲಾ ಡೊಮೈನ್‌ಗಳಿಗೂ ಮೇಲಿರೋ ಜೋನ್) ಹೊಸ ಸಹಿಗಳು ಈ ಹಿಂದೆ ಬಿದ್ದ ಗಡಿಯಾರಕ್ಕೆ ನಾಳೆ ನಾಡಿದ್ದಿನವು, ಆದ್ರಿಂದ ಒಪ್ಪಲ್ಲ. ರೂಟೇ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಅದರ ಕೆಳಗಿರೋ ಯಾವ ಹೆಸರೂ ಒಪ್ಪಿಗೆ ಆಗಲ್ಲ. ಟೈಮ್ ಸರಿ ಮಾಡ್ಕೊಳ್ಳೋಣ ಅಂದ್ರೆ ಎನ್‌ಟಿಪಿ ಸರ್ವರ್‌ನ (ಸರಿಯಾದ ಟೈಮ್ ಹೇಳೋ ಸರ್ವರ್) ಐಪಿ ಬೇಕು, ಅದರ ಹೆಸರು ಹುಡುಕೋಕೆ ಡಿಎನ್‌ಎಸ್ ಬೇಕು, ಆ ಡಿಎನ್‌ಎಸ್ ಇದೇ ಪೈ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ ನಿಂತಿತ್ತು. ಕೈಯಲ್ಲೇ ಡೇಟ್ ಸರಿ ಮಾಡಿ, ಬೈಂಡ್ ನೆನಪಿಟ್ಟ ಉತ್ತರಗಳನ್ನ ಅಳಿಸೋ ಆರ್‌ಎನ್‌ಡಿಸಿ ಫ್ಲಶ್ ಕಮಾಂಡ್ ಕೊಟ್ಟೆ, ಎರಡೇ ನಿಮಿಷದಲ್ಲಿ ಎಲ್ಲಾ ಬಂತು. ಸಂಬಳನೂ ಅವತ್ತೇ ಹೋಯ್ತು. ಮಾರನೇ ದಿನ ಎಸ್‌ಪಿ ರೋಡಿಗೆ ಹೋಗಿ ಡಿಎಸ್3231 ಗಡಿಯಾರದ ಮಾಡ್ಯೂಲ್ ತಂದು ಕೂರಿಸಿದೆ, ಅದರಲ್ಲಿ ಒಂದು ಬಟನ್ ಸೆಲ್ ಇರುತ್ತೆ ಅಷ್ಟೇ. ಜೊತೆಗೆ ಎನ್‌ಟಿಪಿಗೆ ಹೆಸರಿನ ಬದಲು ನಮ್ಮ ರೂಟರ್‌ನ ಐಪಿ ಕೊಟ್ಟೆ. ಆವಾಗ ಕೆಲವರು ಡಿಎನ್‌ಎಸ್‌ಸೆಕ್ ಆಫ್ ಮಾಡ್ಬಿಡು ಅಂದ್ರು, ನಾನು ಮಾಡ್ಲಿಲ್ಲ. ತಪ್ಪು ಗಡಿಯಾರದ್ದು, ಬೈಂಡ್ ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು, ಕಾರಣನೂ ಲಾಗಲ್ಲಿ ಬರೆದಿಟ್ಟಿತ್ತು.

ಮುಂದೆ ಒಂದು ಹಳೇ ಡೆಸ್ಕ್‌ಟಾಪ್ ಸಿಕ್ತು, ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ಅದನ್ನ ಪ್ರೈಮರಿ (ಜೋನ್ ಫೈಲ್ ತಿದ್ದೋ ಸರ್ವರ್) ಮಾಡಿ ಪೈನ ಸೆಕೆಂಡರಿ (ಅದರಿಂದ ಪ್ರತಿ ಎಳ್ಕೊಳ್ಳೋ ಸರ್ವರ್) ಮಾಡ್ದೆ. ಎರಡಿದ್ರೆ ನೆಮ್ಮದಿ ನಿಜ, ಆದ್ರೆ ಜೋನ್ ಫೈಲ್ ಎಷ್ಟು ಹೊಸದು ಅಂತ ತಿಳಿಸೋ ಸೀರಿಯಲ್ ನಂಬರ್ ಕಾಟ ಅಲ್ಲಿಂದ ಶುರು. ಜೋನ್ ಫೈಲ್ ಬದಲಾಯಿಸಿ ಸೀರಿಯಲ್ ಹೆಚ್ಚಿಸಿಲ್ಲ ಅಂದ್ರೆ ಸೆಕೆಂಡರಿ ಹಳೇದನ್ನೇ ಹಿಡ್ಕೊಂಡು ಕೂರುತ್ತೆ. ನಾನು ವರ್ಷ ತಿಂಗಳು ದಿನ, ಆಮೇಲೆ ಅವತ್ತಿನ ಎಷ್ಟನೇ ಬದಲಾವಣೆ ಅನ್ನೋ ಎರಡಂಕಿ ಸೇರಿಸಿ ಹತ್ತು ಅಂಕಿ ಬರೀತೀನಿ, ಒಂದ್ಸಲ ಅವಸರದಲ್ಲಿ 2024 ಅನ್ನೋ ಕಡೆ 2042 ಹೊಡ್ದು ಸೇವ್ ಮಾಡ್ದೆ. ಪೈ ಅದನ್ನ ತಗೊಂಡ್ಬಿಡ್ತು, ನಾನು ಆಮೇಲೆ ತಿದ್ದಿದ ಸರಿಯಾದ ನಂಬರ್ ಅದಕ್ಕೆ ಹಳೇದು ಅನ್ನಿಸಿ ತಗೊಳ್ಳೋದೇ ಬಿಡ್ತು. ಪೈನಲ್ಲಿ ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್ ಕೊಟ್ರೆ ಸೀರಿಯಲ್ ನೋಡದೆ ಪೂರ್ತಿ ಜೋನ್ ಎಳ್ಕೊಳ್ಳುತ್ತೆ, ಅದ್ರಲ್ಲಿ ಸರಿ ಹೋಯ್ತು.

ಅಪ್‌ಗ್ರೇಡ್ ವಿಷಯದಲ್ಲಿ ಒಂದೇ ಒಂದು ಪೆಟ್ಟು ತಿಂದಿದೀನಿ. ಡೆಬಿಯನ್ 11ರಿಂದ 12ಕ್ಕೆ ಹೋದಾಗ ಬೈಂಡ್ 9.16 ಹೋಗಿ 9.18 ಬಂತು, ನನ್ನ ಹಳೇ ಫೈಲಲ್ಲಿದ್ದ ಡಿಎನ್‌ಎಸ್‌ಸೆಕ್ ಎನೇಬಲ್ ಸಾಲನ್ನ ಇದು ಒಪ್ಪದೆ ಸ್ಟಾರ್ಟ್ ಆಗ್ಲೇ ಇಲ್ಲ. ಸಾಲು ಅಳಿಸಿದ ಮೇಲೆ ಓಡ್ತು. ಅಪ್‌ಗ್ರೇಡ್ ಆದ ಮೇಲೆ ಸೆಟ್ಟಿಂಗ್ಸ್ ಫೈಲ್ ಪರೀಕ್ಷಿಸೋ ನೇಮ್ಡ್ ಚೆಕ್‌ಕಾನ್ಫ್ ಕಮಾಂಡ್ ಹೊಡೆದು ನೋಡಿ, ಪ್ರೈಮರಿ ಸೆಕೆಂಡರಿ ಎರಡನ್ನೂ ಒಂದೇ ದಿನ ಮುಟ್ಬೇಡಿ.

ಮನೇಲಿ ನಾಲ್ಕು ಫೋನು ಒಂದು ಟಿವಿ ಇರೋರಿಗೆ ಬೈಂಡ್ ಬೇಡ, ಡಿಎನ್‌ಎಸ್‌ಮಾಸ್ಕ್ ಅನ್ನೋ ಸಣ್ಣ ಸಾಫ್ಟ್‌ವೇರ್ ಸಾಕು, ಹೋಸ್ಟ್ಸ್ ಫೈಲಲ್ಲಿ ಹೆಸರು ಬರೆದ್ರೆ ಮುಗೀತು. ಬರೀ ಹೊರಗಿನ ಹೆಸರು ಹುಡುಕಿ ಕ್ಯಾಶ್ ಮಾಡೋಕಾದ್ರೆ (ಉತ್ತರ ನೆನಪಿಟ್ಕೊಳ್ಳೋಕೆ) ಅನ್‌ಬೌಂಡ್ ಅನ್ನೋ ಸಾಫ್ಟ್‌ವೇರ್ ಬೈಂಡ್‌ಗಿಂತ ಹಗುರ, ನಾನೇ ಮನೇಲಿ ಅದನ್ನೇ ಇಟ್ಟಿದೀನಿ. ಸ್ವಂತ ಜೋನ್ ಬೇಕು, ಅದು ಎರಡು ಕಡೆ ಇರ್ಬೇಕು, ಒಂದು ಬಿದ್ರೂ ಕೆಲಸ ನಿಲ್ಬಾರ್ದು ಅನ್ನೋ ಆಫೀಸಿಗೆ ನಾನು ಬೈಂಡೇ ಹೇಳ್ತೀನಿ, ಐದಕ್ಕೆ ನಾಲ್ಕೂವರೆ. ಆ ಅರ್ಧ ಕಟ್ ಮಾಡಿದ್ದು ಚುಕ್ಕಿಗೆ.

ಪೈಗೆ ಹೋದ ತಿಂಗಳು ಹೊಸ ಬಟನ್ ಸೆಲ್ ಹಾಕಿ, ಹಾಕಿದ ದಿನಾಂಕನ ಡಬ್ಬಿ ಮೇಲೆ ಮಾರ್ಕರಲ್ಲಿ ಬರೆದಿಟ್ಟಿದೀನಿ.