ಎರಡು ವರ್ಷ, ಅರ್ಧ ಕೆಜಿ 63/37 ಸೋಲ್ಡರ್

ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಅರ್ಧ ಕೆಜಿ ಸೋಲ್ಡರ್ (ವೈರುಗಳನ್ನು ಬೆಸೆಯಲು ಕರಗಿಸುವ ತಂತಿ) ರೀಲು ಈಗ ತಳ ಕಾಣುತ್ತಿದೆ. 63/37 ಅಂದರೆ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ. 0.8 ಎಂಎಂ, ಒಳಗೆ ರೋಸಿನ್ ಫ್ಲಕ್ಸ್ (ಸೋಲ್ಡರ್ ಲೋಹಕ್ಕೆ ಹಿಡಿಯಲು ನೆರವಾಗುವ ರಾಳ) ಇರುವಂಥದ್ದು. ಅಲ್ಲಿಯವರೆಗೆ ನಾನು 60/40 ತಂತಿಯನ್ನೇ ಬಳಸುತ್ತಿದ್ದೆ. ತವರ ಮೂರೇ ಪಾಲು ಜಾಸ್ತಿ, ಅದಕ್ಕೆ ಯಾಕೆ ಹೆಚ್ಚು ದುಡ್ಡು ಅಂತ ಅಂಗಡಿಯಲ್ಲಿ ತುಂಬಾ ಹೊತ್ತು ಯೋಚಿಸಿದ್ದೆ.

ಹಳೆ ರೇಡಿಯೋದ ಸ್ಪೀಕರ್ ವೈರಿಗೆ ಬೆಸುಗೆ ಹಾಕಿದ ದಿನ ಉತ್ತರ ಸಿಕ್ಕಿತು. 60/40 ಸೋಲ್ಡರ್ 183 ಡಿಗ್ರಿಗೆ ಕರಗಲು ಶುರುವಾದರೂ ಪೂರ್ತಿ ನೀರಾಗುವುದು ಸುಮಾರು 190ಕ್ಕೆ. ಆರುವಾಗಲೂ ನಡುವೆ ಸ್ವಲ್ಪ ಹೊತ್ತು ಗಂಜಿಯ ಥರ ಇರುತ್ತದೆ, ಆಗ ಕೈ ಅಲುಗಿದರೆ ಜಾಯಿಂಟ್ ಮಂಕಾಗುತ್ತದೆ, ನಾಲ್ಕು ದಿನಕ್ಕೆ ಬಿಟ್ಟುಕೊಳ್ಳುತ್ತದೆ. 63/37 ಹಾಗಲ್ಲ. 183ಕ್ಕೆ ಒಮ್ಮೆಲೇ ಕರಗಿ, ಅದೇ 183ಕ್ಕೆ ಒಮ್ಮೆಲೇ ಗಟ್ಟಿಯಾಗುತ್ತದೆ. ಬೆಸುಗೆ ಹಾಕುವ ಐರನ್ ಎತ್ತಿದ್ದೇ ತಡ, ಹನಿ ಹೊಳಪು ಕಳೆದುಕೊಳ್ಳದೆ ನಿಂತುಬಿಡುತ್ತದೆ. ಕೈ ನಡುಗುವ ನನ್ನಂಥವರಿಗೆ ಇದು ದೊಡ್ಡ ಸಹಾಯ.

ರಾತ್ರಿ ಊಟ ಆದಮೇಲೆ ಕಿಟಕಿ ತೆಗೆದು, ಫ್ಯಾನ್ ಹಾಕಿ ಕೂರುತ್ತೇನೆ. ಐರನ್ನಿನ ಬಿಟ್ (ಬಿಸಿ ತುದಿ) ಅನ್ನು ಒದ್ದೆ ಸ್ಪಂಜಿಗೆ ಚುಂಯ್ ಅಂತ ಒರೆಸಿ, ತಕ್ಷಣ ಚೂರು ಸೋಲ್ಡರ್ ತಾಗಿಸಿದರೆ ತುದಿ ಬೆಳ್ಳಗೆ ಮಿಂಚುತ್ತದೆ. ರೋಸಿನ್ ವಾಸನೆ ನನಗಿಷ್ಟ, ಆದರೂ ಆ ಹೊಗೆ ಶ್ವಾಸಕ್ಕೆ ಒಳ್ಳೆಯದಲ್ಲ, ಮುಖ ಪಕ್ಕಕ್ಕೇ ಇರಲಿ.

ಬೇಜಾರಾಗಿದ್ದು ಒಂದು ವರ್ಷ ಕಳೆದಮೇಲೆ. ಒಂದು ರಾತ್ರಿ ಸೋಲ್ಡರ್ ಬೋರ್ಡಿನ ತಾಮ್ರದ ಪ್ಯಾಡಿಗೆ ಹಿಡಿಯದೆ ಗುಂಡಿನಂತೆ ಉರುಳತೊಡಗಿತು. ಬಿಟ್ ಬದಲಿಸಿದೆ, ಪ್ಯಾಡ್ ಉಜ್ಜಿದೆ, ಏನೂ ಆಗಲಿಲ್ಲ. ಕೊನೆಗೆ ಕಟ್ಟರಿನಿಂದ ತಂತಿ ಕತ್ತರಿಸಿ ಲೆನ್ಸಿನಲ್ಲಿ ನೋಡಿದರೆ, ನಡುವೆ ಕಾಣಬೇಕಿದ್ದ ಹಳದಿ ಚುಕ್ಕೆಯೇ ಇಲ್ಲ! ಸುಮಾರು ಒಂದು ಮೊಳದಷ್ಟು ತಂತಿಯಲ್ಲಿ ಫ್ಲಕ್ಸೇ ತುಂಬಿರಲಿಲ್ಲ. ಅಂಗಡಿಯವರು ಬಳಸಿದ ರೀಲು ವಾಪಸ್ ತಗೊಳ್ಳಲಿಲ್ಲ. ಅವತ್ತಿನಿಂದ ಡಬ್ಬಿ ಫ್ಲಕ್ಸ್ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು ಮಾತು. ಎರಡೂ ಕೈ ತುಂಬಿದ್ದಾಗ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ನನಗಿತ್ತು. ದಯವಿಟ್ಟು ಬೇಡ, ಇದರಲ್ಲಿ ನೂರಕ್ಕೆ 37 ಪಾಲು ಸೀಸ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಸೀಸ ಇಲ್ಲದ್ದನ್ನೂ ನೋಡಿದೆ, ಅದು ಕರಗಲು ಸುಮಾರು 217 ಡಿಗ್ರಿ ಬೇಕು, ದಪ್ಪ ಟರ್ಮಿನಲ್ಲಿನಲ್ಲಿ ನನ್ನ 25 ವಾಟ್ ಐರನ್ ಸೋತುಹೋಯಿತು.

ಮತ್ತೆ 63/37 ಅನ್ನೇ ತರುತ್ತೇನೆ, ಆದರೆ ಈ ಸಲ 100 ಗ್ರಾಂ ರೀಲು, ಅದೂ ತುದಿ ಕತ್ತರಿಸಿ ನೋಡಿಕೊಂಡೇ.