ಐಬಿಎ ಬೇರು ಪುಡಿ: ಸೇವಂತಿಗೆಗೆ ಸಾಕು, ಗುಲಾಬಿಗೆ ದ್ರಾವಣವೇ ಮೇಲು

ಬೇರು ಬರಿಸುವ ಪುಡಿ ಕೊಳ್ಳುವಾಗ ಡಬ್ಬಿ ಮೇಲಿನ ಹೂವಿನ ಚಿತ್ರ ಬಿಡಿ, ಇಂಡೋಲ್ ಬ್ಯುಟಿರಿಕ್ ಆಮ್ಲ, ಅಂದರೆ ಐಬಿಎ, ಶೇಕಡಾ ಎಷ್ಟಿದೆ ನೋಡಿ. ಪ್ರಮಾಣವನ್ನೇ ಬರೆಯದ ಡಬ್ಬಿ ಬೇಡವೇ ಬೇಡ. ಸೇವಂತಿಗೆಯ ಎಳೆ ಕಡ್ಡಿಗೆ 0.1 ಧಾರಾಳ, ಅರೆಬಲಿತ ಗುಲಾಬಿಗೆ 0.3. ಬಲಿತು ಗಟ್ಟಿಯಾದ ಕಡ್ಡಿಗಷ್ಟೇ 0.8.

ಸೇವಂತಿಗೆಯ ಮಟ್ಟಿಗೆ ಈ ಪುಡಿಯ ಮೇಲೆ ದೂರಿಲ್ಲ. ತಕರಾರು ಇರುವುದು ಗುಲಾಬಿಯಲ್ಲಿ. ಒದ್ದೆ ಕಡ್ಡಿಗೆ ಪುಡಿ ಹೆಪ್ಪಾಗಿ ಅಂಟುತ್ತದೆ, ಒಣ ಕಡ್ಡಿಗೆ ಹತ್ತುವುದೇ ಇಲ್ಲ. ಹಾಗಾಗಿ ಒಂದೇ ಟ್ರೇಯಲ್ಲಿ ಒಂದೊಂದು ಕಡ್ಡಿಗೆ ಒಂದೊಂದು ಡೋಸ್. ಹೆಚ್ಚು ಬಿದ್ದ ಕಡ್ಡಿಯ ಬುಡ ಊದಿ ಕಪ್ಪಾಗುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ, ಕಣ್ಣು ಒಡೆಯುವುದಿಲ್ಲ. ಅತಿಯಾದ ಆಕ್ಸಿನ್ (ಐಬಿಎ ಸೇರಿದ ಬೆಳವಣಿಗೆ ಹಾರ್ಮೋನ್‌ಗಳ ಗುಂಪು) ಎಲೆ ಉದುರಿಸುವ ಎಥಿಲೀನ್ ಅನಿಲವನ್ನು ಹುಟ್ಟಿಸುವುದೂ ಇದಕ್ಕೊಂದು ಕಾರಣ. ಪುಡಿಯನ್ನೇ ಬಳಸುವುದಾದರೆ ಕಡ್ಡಿಯನ್ನು ತಟ್ಟಿ ಹೆಚ್ಚಿನದನ್ನು ಉದುರಿಸಿ. ಮೊದಲೇ ತೂತು ಮಾಡಿ ನೆಡಿ, ಇಲ್ಲದಿದ್ದರೆ ಹಚ್ಚಿದ್ದೆಲ್ಲ ಮಣ್ಣಿಗೇ ಒರೆಸಿಹೋಗುತ್ತದೆ.

ಡೋಸಿನ ಈ ಏರುಪೇರು ತಪ್ಪಿಸಲೆಂದೇ ಗುಲಾಬಿಗೆ ದ್ರಾವಣ ಮೇಲು. ಅದಕ್ಕೆ 300 ಮಿಲಿಗ್ರಾಂ ಶುದ್ಧ ಐಬಿಎಯನ್ನು 50 ಮಿ.ಲೀ. ಎಥೆನಾಲ್‌ನಲ್ಲಿ ಕರಗಿಸಿ, ಕಲಕುತ್ತಾ ನಿಧಾನವಾಗಿ ನೀರು ಸೇರಿಸಿ 100 ಮಿ.ಲೀ. ಮಾಡಿದರೆ 3000 ಪಿಪಿಎಂ, ಅಂದರೆ ಶೇಕಡಾ 0.3. ನೇರ ನೀರಿಗೆ ಸುರಿದರೆ ಕರಗದು. ಕಡ್ಡಿಯ ಬುಡವನ್ನು 5 ಸೆಕೆಂಡ್ ಅದ್ದಿ, ಆಲ್ಕೋಹಾಲ್ ಆರಿದ ಮೇಲೆ ನೆಡಿ. ಹೆಚ್ಚು ಹೊತ್ತು ಬಿಟ್ಟರೆ ಸುಡುತ್ತದೆ. ಪೊಟ್ಯಾಸಿಯಂ ಲವಣದ ರೂಪ ಸಿಕ್ಕರೆ ಆಲ್ಕೋಹಾಲ್ ರಗಳೆಯಿಲ್ಲ, ನೀರಲ್ಲೇ ಕರಗುತ್ತದೆ. ಆದರೆ ಅಷ್ಟೇ ಬಲಕ್ಕೆ 356 ಮಿಲಿಗ್ರಾಂ ಬೇಕು.

ಇಷ್ಟಾದರೂ ಮುದಿ ಗಿಡದ ಕಡ್ಡಿ ಬೇರು ಬಿಡದಿದ್ದರೆ ಡಬ್ಬಿಯನ್ನು ಬೈದು ಫಲವಿಲ್ಲ. ಹಾರ್ಮೋನ್ ಬಾಗಿಲು ತಟ್ಟಬಹುದು, ತೆರೆಯಬೇಕಾದ್ದು ಕೋಶ. ಪ್ರಯೋಗಾಲಯದಲ್ಲಿ ಹೆಚ್ಚು ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದು ಚೆನ್ನಾಗಿ ಗೊತ್ತಾಗಿದೆ: ಆಕ್ಸಿನ್‌ಗೆ ಸ್ಪಂದಿಸಿ ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್‌ಗಳ ಪೈಕಿ ಎಆರ್‌ಎಫ್6, ಎಆರ್‌ಎಫ್8 ಕಾಂಡದಿಂದ ಬೇರು ಹೊರಡಿಸುತ್ತವೆ, ಎಆರ್‌ಎಫ್17 ತಡೆಯುತ್ತದೆ. ಮೊದಲೆರಡರ ತಯಾರಿಕೆಗೆ ಬೇಕಾದ ಸಂದೇಶ ಆರ್‌ಎನ್‌ಎಯನ್ನು ಕತ್ತರಿಸುವುದು ಪುಟ್ಟ ನಿಯಂತ್ರಕ ಆರ್‌ಎನ್‌ಎಯಾದ ಮೈಕ್ರೋ ಆರ್‌ಎನ್‌ಎ 167, ಮೂರನೆಯದರದ್ದನ್ನು 160. ಎಳೆತನದಲ್ಲಿ ಹೇರಳವಾಗಿರುವ ಮೈಕ್ರೋ ಆರ್‌ಎನ್‌ಎ 156 ಗಿಡ ಬಲಿತಂತೆ ಇಳಿಯುತ್ತದೆ. ಹಲವು ಗಿಡಗಳಲ್ಲಿ ಅದರ ಜೊತೆಗೇ ಬೇರು ಬಿಡುವ ಶಕ್ತಿಯೂ ಕುಗ್ಗುತ್ತದೆ. ಡೋಸ್ ಏರಿಸಿ ಇದನ್ನು ಸರಿದೂಗಿಸಲಾಗದು. ತಾಯಿ ಗಿಡವನ್ನು ತಗ್ಗಿಗೆ ಸವರಿ, ಬುಡದ ಕಡೆ ಬಂದ ಹೊಸ ಚಿಗುರು ಅರೆಬಲಿತಾಗ ಕಡ್ಡಿ ತೆಗೆಯಿರಿ. ಕಸಿ ಗಿಡವಾದರೆ ಕಸಿಗಂಟಿನ ಮೇಲಿನದ್ದನ್ನೇ, ಕೆಳಗಿನದು ಬೇರುಸಸಿಯ ಚಿಗುರು.

ಡಬ್ಬಿಯೊಳಗೇ ಕಡ್ಡಿ ಅದ್ದಬೇಡಿ, ತೇವ ಸೇರಿ ಪುಡಿ ಕೆಡುತ್ತದೆ. ಬೇಕಾದಷ್ಟನ್ನು ಬಟ್ಟಲಿಗೆ ಹಾಕಿಕೊಂಡು, ಉಳಿದದ್ದನ್ನು ಚೆಲ್ಲಿಬಿಡಿ.