ನಾಲ್ಕು ಅಕ್ಷರ, ನಾಲ್ಕು ದಾರಿ: ಇಂಗ್ಲಿಷ್ ಪದ ಹುಡುಕುವ ವಿಧಾನಗಳ ಹೋಲಿಕೆ

ತುಮಕೂರಿನ ಕ್ಯಾತ್ಸಂದ್ರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸಂಜೆ ಇಂಗ್ಲಿಷ್ ಪಾಠ ಹೇಳಿಕೊಡುವ ನಾನು, ಪ್ರತಿ ಶನಿವಾರ ಕರಿಹಲಗೆಯ ಮೇಲೆ ನಾಲ್ಕೈದು ಅಕ್ಷರಗಳನ್ನು ಬರೆದು, ಅವೆಲ್ಲವೂ ಇರುವ ಪದಗಳನ್ನು ಹುಡುಕಿ ತರುವಂತೆ ಹೇಳುತ್ತೇನೆ. ಮಕ್ಕಳು ತಂದ ಪದ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಕಷ್ಟವಲ್ಲ. ಅವರು ಬಿಟ್ಟಿರುವ ಪದಗಳನ್ನು ತೋರಿಸಬೇಕಾದರೆ ಮಾತ್ರ ನನ್ನ ಕೈಯಲ್ಲಿ ಪೂರ್ಣ ಪಟ್ಟಿ ಇರಬೇಕು. ಆ ಪಟ್ಟಿಗಾಗಿ ನಾಲ್ಕು ವಿಧಾನಗಳನ್ನು ಎ, ಇ, ಆರ್, ಟಿ ಎಂಬ ಒಂದೇ ಅಕ್ಷರಗುಂಪಿನ ಮೇಲೆ ಪ್ರಯೋಗಿಸಿ ನೋಡಿದೆ.

ಇಲ್ಲಿ ಮೇಲ್ನೋಟಕ್ಕೆ ಒಂದೇ ಎನಿಸುವ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಈ ನಾಲ್ಕು ಅಕ್ಷರಗಳು ಎಲ್ಲಿಯಾದರೂ ಇರುವ ಪದಗಳು ಯಾವುವು ಎಂದು ಕೇಳಿದರೆ ವಾಟರ್, ಅರ್ತ್, ಟೀಚರ್, ಮಾರ್ಕೆಟ್, ಟೆಂಪರೇಚರ್ ಎಲ್ಲವೂ ಬರುತ್ತವೆ. ಈ ಅಕ್ಷರಗಳಿಂದ ಮಾತ್ರ ಕಟ್ಟಬಹುದಾದ ಪದಗಳು ಯಾವುವು ಎಂದರೆ ಟೀ, ಈಟ್, ಇಯರ್, ಆರ್ಟ್‌ನಂಥವು ಸಿಗುತ್ತವೆ. ನಾಲ್ಕನ್ನೂ ಒಂದೊಂದು ಸಲವಷ್ಟೇ ಬಳಸಿದ ಅಕ್ಷರಪಲ್ಲಟ ಬೇಕೆಂದರೆ ರೇಟ್, ಟಿಯರ್, ಟೇರ್‌ನಂಥ ಬೆರಳೆಣಿಕೆಯ ಪದಗಳಷ್ಟೇ ಉಳಿಯುತ್ತವೆ. ನನಗೆ ಬೇಕಾಗಿದ್ದುದು ಮೊದಲನೆಯದು.

ರಟ್ಟಿನ ಚೂರುಗಳ ಮೇಲೆ ಅಕ್ಷರ ಬರೆದು ಅದಲುಬದಲು ಮಾಡುವ ಹಳೆಯ ಕ್ರಮವು ಅಕ್ಷರಪಲ್ಲಟಕ್ಕೆ ಮಾತ್ರ ಒದಗುತ್ತದೆ. ನಾಲ್ಕು ಅಕ್ಷರಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಸ್ಕ್ರ್ಯಾಬಲ್ ಆಟದಲ್ಲಿರುವಂತೆ ಏಳು ಬಿಲ್ಲೆಗಳಾದರೆ, ಅವೆಲ್ಲ ಬೇರೆ ಬೇರೆ ಅಕ್ಷರಗಳಾಗಿದ್ದ ಪಕ್ಷದಲ್ಲಿ, ಈ ಸಂಖ್ಯೆ 5,040ಕ್ಕೆ ಏರುತ್ತದೆ. ಒಂದು ಜೋಡಣೆಗೆ ಐದು ಸೆಕೆಂಡು ಹಿಡಿದರೂ ಏಳು ಗಂಟೆ ಬೇಕು.

ಮುದ್ರಿತ ನಿಘಂಟು ಈ ಹುಡುಕಾಟಕ್ಕೆ ಇನ್ನೂ ನಿರುಪಯುಕ್ತ, ಏಕೆಂದರೆ ಅದರಲ್ಲಿ ಪದಗಳು ಮೊದಲ ಅಕ್ಷರದಿಂದ ಅನುಕ್ರಮವಾಗಿವೆ. ನಡುವೆ ಅಡಗಿರುವ ಅಕ್ಷರಕ್ಕೆ ಅದರಲ್ಲಿ ಬಾಗಿಲೇ ಇಲ್ಲ. ಆದಿಪ್ರಾಸಕ್ಕಾಗಿ ಎರಡನೆಯ ಅಕ್ಷರ ಹೊಂದುವ ಪದವನ್ನು ಅಕಾರಾದಿ ಕೋಶದಲ್ಲಿ ಹುಡುಕಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಆದರೂ ನಿಘಂಟನ್ನು ನಾನು ಪಕ್ಕಕ್ಕೆ ಸರಿಸಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊಬೈಲಿನಲ್ಲಿ ತೆರೆಯುವ ಪದಶೋಧಕ ತಾಣಗಳು ವೇಗವಾಗಿವೆ, ಆದರೆ ತಾವು ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದೇವೆಂಬುದನ್ನು ಎಲ್ಲವೂ ಸ್ಪಷ್ಟವಾಗಿ ಹೇಳುವುದಿಲ್ಲ. ಒಂದು ತಾಣವು ನಾಲ್ಕು ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಒತ್ತಾಗಿ ಇರಬೇಕೆಂದು ಭಾವಿಸಿ ಏನೂ ಸಿಗಲಿಲ್ಲ ಎಂದಿತು. ಇನ್ನೊಂದು ಕೇಳದಿದ್ದರೂ ಅಕ್ಷರಪಲ್ಲಟವನ್ನೇ ಕೊಟ್ಟಿತು. ನಾನು ನೋಡಿದವುಗಳಲ್ಲಿ ಒನ್‌ಲುಕ್ ಹೆಚ್ಚು ಅಚ್ಚುಕಟ್ಟಾಗಿದೆ. ಅಲ್ಲಿ ಎರಡು ಓರೆಗೆರೆ ಹಾಕಿ, ಅಕ್ಷರಗಳನ್ನು ಬರೆದು, ಮುಂದೆ ಬೇಕಾದಷ್ಟು ಪ್ರಶ್ನಾರ್ಥಕ ಚಿಹ್ನೆಗಳನ್ನು ಇಟ್ಟರೆ, ಅಷ್ಟೇ ಉದ್ದದ, ಆ ಅಕ್ಷರಗಳೆಲ್ಲ ಇರುವ ಪದಗಳು ಬರುತ್ತವೆ. ಐದಕ್ಷರದ ಪದಗಳಿಗೆ ಒಂದು ಚಿಹ್ನೆ, ಆರಕ್ಷರದವುಗಳಿಗೆ ಎರಡು, ಹೀಗೆ ಪ್ರತಿ ಉದ್ದಕ್ಕೂ ಮತ್ತೊಮ್ಮೆ ಕೇಳುತ್ತ ಹೋಗುವುದು ಬೇಸರದ ಕೆಲಸ. ಸ್ಕ್ರ್ಯಾಬಲ್ ಆಡುವವರಿಗಾಗಿಯೇ ಇರುವ ತಾಣಗಳಲ್ಲಿ ಪಿಟ್ಸಾಕ್ಕೆ ಹ್ರಸ್ವರೂಪವಾದ ಎರಡಕ್ಷರದ ‘ಜಾ’ದಂಥ ಪದಗಳೂ ಸೇರಿರುತ್ತವೆ. ಆಟದಲ್ಲಿ ಅವು ಸಕ್ರಮ. ಎಂಟನೆಯ ತರಗತಿಯ ಮಗುವಿಗೆ ಅವುಗಳಿಂದ ಪ್ರಯೋಜನ ಕಡಿಮೆ.

ಕೊನೆಗೆ ನನಗೆ ಒಗ್ಗಿದ್ದು ಮನೆಯ ಹಳೆಯ ಕಂಪ್ಯೂಟರಿನ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿರುವ ಗ್ರೆಪ್. ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದ ಈ ಕಮಾಂಡು ಕಡತದ ಒಂದೊಂದೇ ಸಾಲನ್ನು ನೋಡಿ, ಕೇಳಿದ ಅಕ್ಷರ ಇದ್ದರೆ ಮಾತ್ರ ಅದನ್ನು ಮುಂದೆ ಬಿಡುತ್ತದೆ. ಉಬುಂಟುವಿನ ಜೊತೆಗೇ ಬಂದಿದ್ದ, ಸಾಲಿಗೊಂದು ಪದವಿರುವ, ಒಂದು ಲಕ್ಷಕ್ಕೂ ಮೀರಿದ ಪಟ್ಟಿಯನ್ನು ಮೊದಲು ಎ ಅಕ್ಷರಕ್ಕೆ, ಉಳಿದುದನ್ನು ಇ ಅಕ್ಷರಕ್ಕೆ, ಬಳಿಕ ಆರ್ ಮತ್ತು ಟಿ ಅಕ್ಷರಗಳಿಗೆ ಪೈಪ್ ಮೂಲಕ, ಅಂದರೆ ಒಂದು ಕಮಾಂಡಿನ ಫಲವನ್ನು ನೇರವಾಗಿ ಮುಂದಿನದಕ್ಕೆ ಕೊಡುವ ಚಿಹ್ನೆಯ ಮೂಲಕ, ಹಾಯಿಸಿದೆ. ಜರಡಿಯ ಮೇಲೆ ಜರಡಿ ಇಟ್ಟು ರಾಗಿ ಸೋಸಿದಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಪದಗಳು ಬಂದವು.

ಅವುಗಳಲ್ಲಿ ಮಾರ್ಗರೆಟ್ ಇತ್ತು, ಆಲ್ಬರ್ಟ್ ಇರಲಿಲ್ಲ. ಆಲ್ಬರ್ಟ್‌ನ ಎ ದೊಡ್ಡಕ್ಷರವಾಗಿದ್ದು, ನಾನು ಕೇಳಿದ್ದು ಸಣ್ಣಕ್ಷರವಾದುದೇ ಕಾರಣ. ಎಸ್ ಅಕ್ಷರವನ್ನು ಸೇರಿಸಿದಾಗ ಬೇರೆ ತೊಡಕು ಬಂತು: ಈ ಪಟ್ಟಿಯಲ್ಲಿ ಅಪಾಸ್ಟ್ರಫಿ ಹಚ್ಚಿದ ಷಷ್ಠೀ ರೂಪಗಳೂ ಪ್ರತ್ಯೇಕ ಸಾಲುಗಳಾಗಿರುವುದರಿಂದ ನಾಮಪದಗಳೆಲ್ಲ ಬಾಲ ಸಮೇತ ನುಗ್ಗಿದವು. ಅಪಾಸ್ಟ್ರಫಿ ಇರುವ ಸಾಲುಗಳನ್ನು ತೆಗೆಯಲು ಇನ್ನೊಂದು ಜರಡಿ ಬೇಕಾಯಿತು.

ದೊಡ್ಡ ಎಡವಟ್ಟು ನನ್ನದೇ. ಎರಡು ಟಿ ಇರುವ ಪದಗಳಿಗಾಗಿ ಟಿ ಜರಡಿಯನ್ನೇ ಎರಡು ಸಲ ಇಟ್ಟು, ಬಂದ ಪಟ್ಟಿಯನ್ನು ತರಗತಿಯಲ್ಲಿ ಓದತೊಡಗಿದೆ. ಮೂರನೆಯ ಸಾಲಿನ ಹುಡುಗಿ ಕೈಯೆತ್ತಿ, “ಸರ್, ವಾಟರ್‌ನಲ್ಲಿ ಇರೋದು ಒಂದೇ ಟಿ ಅಲ್ವಾ?” ಎಂದಳು. ಒಂದು ಟಿ ಇರುವ ಪದ ಅದೇ ಜರಡಿಯನ್ನು ಎಷ್ಟು ಸಲ ಬೇಕಾದರೂ ದಾಟುತ್ತದೆ. ಟಿ, ಚುಕ್ಕೆ, ನಕ್ಷತ್ರ ಚಿಹ್ನೆ, ಮತ್ತೆ ಟಿ ಎಂದು (ಚುಕ್ಕೆ-ನಕ್ಷತ್ರ ಎಂದರೆ ನಡುವೆ ಏನಿದ್ದರೂ, ಏನೂ ಇಲ್ಲದಿದ್ದರೂ ಸರಿ) ಒಂದೇ ಸಲಕ್ಕೆ ಕೇಳಿದಾಗ ಲೆಟರ್, ಬೆಟರ್, ಮ್ಯಾಟರ್ ಸರಿಯಾಗಿ ಬಂದವು.

ಬಂಧುಗಳ ಮನೆಯ ಮ್ಯಾಕ್ ಕಂಪ್ಯೂಟರಿನಲ್ಲಿಯೂ ಇದನ್ನೇ ಮಾಡಿ ನೋಡಿದೆ. ಅಲ್ಲಿನ ಪಟ್ಟಿ 1934ರ ವೆಬ್‌ಸ್ಟರ್ ಬೃಹತ್ಕೋಶದ್ದು. ಎರಡು ಲಕ್ಷಕ್ಕೂ ಹೆಚ್ಚು ಪದಗಳಿದ್ದರೂ ಬಹುವಚನ ರೂಪಗಳು ಬಹುಮಟ್ಟಿಗೆ ಇಲ್ಲ, ಯಾರೂ ಆಡದ ಹಳೆಯ ಪದಗಳು ರಾಶಿಯಾಗಿವೆ. ಜರಡಿ ಒಂದೇ ಆದರೂ ಕಾಳು ಬೇರೆ. ಮಕ್ಕಳ ಮಟ್ಟಿಗೆ ಉಬುಂಟುವಿನ ಚಿಕ್ಕ ಪಟ್ಟಿಯೇ ಮೇಲು.

ಆದ್ದರಿಂದ ಶುಕ್ರವಾರ ರಾತ್ರಿ ಗ್ರೆಪ್‌ನಿಂದ ಪಟ್ಟಿ ತೆಗೆದು, ಏಳಕ್ಷರ ಮೀರಿದವನ್ನು ಕೈಬಿಟ್ಟು, ಪರಿಚಯವಿಲ್ಲದ ಪ್ರತಿ ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಪದ ಗೊತ್ತಾದ ಮೇಲೆ ನಿಘಂಟಿನ ಬಾಗಿಲು ತೆರೆದೇ ಇರುತ್ತದೆ.